ಕುರಿ ತುಳಿದ ಪಾಯ

ಹೊಸ ಕಟ್ಟಡದ ಮುಂದೆ ನಿಂತವರು ಸಾಮಾನ್ಯವಾಗಿ ತಲೆಯೆತ್ತಿ ನೋಡುತ್ತಾರೆ; ಶ್ರೀ ಗಾದಿಲಿಂಗಪ್ಪನವರು ತಲೆ ತಗ್ಗಿಸಿ ನೋಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಆಸುಪಾಸಿನಲ್ಲಿ ಕಳೆದ ಮೂರು ದಶಕಗಳಲ್ಲಿ ಎದ್ದು ನಿಂತ ಸರ್ಕಾರಿ ಶಾಲೆ, ಆಸ್ಪತ್ರೆ, ದನದ ದವಾಖಾನೆಗಳ ಪೈಕಿ ಅವರ ಹಿಮ್ಮಡಿಯ ಒದೆ ತಿನ್ನದ ನೆಲದ ಮೇಲೆ ನಿಂತದ್ದು ಅಪರೂಪ. ನಮ್ಮ ಭಾಗದಲ್ಲಿ ಗೋಡೆ ಎಬ್ಬಿಸಿದವರು ಅನೇಕರಿದ್ದಾರೆ, ಸೂರು ಹೊದಿಸಿದವರಿದ್ದಾರೆ, ಸುಣ್ಣ ಬಳಿದ ಮೇಲೆ ಬಂದು ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರು ಅವರೆಲ್ಲರಿಗಿಂತ ಹೆಚ್ಚಿದ್ದಾರೆ. ಆದರೆ ಮಣ್ಣು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಆಯುಷ್ಯ ಸವೆಸಿದವರು ಯಾರೆಂದು ಕೇಳಿದರೆ ಮೊದಲು ನಾಲಿಗೆಗೆ ಬರುವ ಹೆಸರು ಅವರದು. ಅದರಲ್ಲೂ ಗಣಿಯವರು ಅಗೆದು, ಬೇಕಾದದ್ದನ್ನು ಒಯ್ದು, ಬೇಡವಾದ ಮಣ್ಣನ್ನು ಮರಳಿ ಸುರಿದು ಕೈತೊಳೆದುಕೊಂಡು ಹೋದ ನೆಲದ ಮೇಲೆ ಮನೆ ನಿಲ್ಲಿಸುವ ವಿದ್ಯೆಯಲ್ಲಿ ಅವರಿಗೆ ಸಮನಾದವರು ನಮ್ಮ ಸೀಮೆಯಲ್ಲಿ ಇಲ್ಲ. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಆ ವಿದ್ಯೆ ಅವರಿಗೆ ಒಲಿದ ಬಗೆಯನ್ನು, ಅದಕ್ಕೆ ಅವರು ತೆತ್ತ ಬೆಲೆಯನ್ನು ಇಲ್ಲಿ ನೆನೆಯುವುದು ಉಚಿತವಾದೀತು.

ಕೂಡ್ಲಿಗಿ ಸಮೀಪದ ಹಳ್ಳಿಯೊಂದರಲ್ಲಿ, ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುತ್ತಿದ್ದ ಸುಂಕಪ್ಪನವರ ಮಗನಾಗಿ ಹುಟ್ಟಿದ ಗಾದಿಲಿಂಗಪ್ಪನವರು ಡಿಪ್ಲೊಮಾ ಮುಗಿಸಿ ಓವರ್‌ಸಿಯರ್ ಆಗಿ ಹೂವಿನಹಡಗಲಿಗೆ ಬಂದಾಗ ಅವರ ಕುಲದಲ್ಲಿ ತಿಂಗಳ ಸಂಬಳ ಕಂಡ ಮೊದಲಿಗರೆನಿಸಿದರು. ನೆಲವನ್ನು ನಂಬದ ಅವರ ಸ್ವಭಾವ ಅಂದಿನಿಂದಲೇ ಪ್ರಸಿದ್ಧ. ಹರಪನಹಳ್ಳಿ ಕಡೆಯ ಮನೆಯೊಂದಕ್ಕೆ ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿಯ ಕಡೆ ಅವರ ದೃಷ್ಟಿ ಹೋಗಲಿಲ್ಲವೆಂದೂ, ಪಡಸಾಲೆಯ ಮೂಲೆಯಲ್ಲಿದ್ದ ಬಿರುಕಿನ ಮೇಲೆಯೇ ನೆಟ್ಟಿತ್ತೆಂದೂ ಅವರ ಬೀಗರು ಇಂದಿಗೂ ಹೇಳುತ್ತಾರೆ. ಹುಡುಗಿಯನ್ನು ಏನಾದರೂ ಕೇಳುವುದಿದ್ದರೆ ಕೇಳಬಹುದೆಂದು ಹಿರಿಯರು ಅಪ್ಪಣೆ ಕೊಟ್ಟಾಗ ಅವರು ಕೇಳಿದ್ದು ಇಷ್ಟೇ.

“ಈ ಗೋಡಿ ಕೆಳಗ ಮೊದ್ಲು ತಿಪ್ಪಿಗುಂಡಿ ಇತ್ತೇನ್ರಿ?”

ಇದ್ದದ್ದು ನಿಜ. ಆದರೆ ನಿಜವನ್ನು ಆ ಗಳಿಗೆಯಲ್ಲಿ ಕೇಳಬೇಕಾಗಿತ್ತೇ ಎಂದು ಹೆಣ್ಣಿನ ಕಡೆಯವರು ಮುಖ ಗಂಟಿಕ್ಕಿದರು. ಸಂಬಂಧ ಮುರಿದೇ ಬೀಳುತ್ತಿತ್ತು. ಒಳಗಿನಿಂದ ಹುಡುಗಿ ತಾಯಿಗೆ ಹೇಳಿದ ಮಾತು ಪಡಸಾಲೆಯವರೆಗೆ ಕೇಳಿಸಿತು: “ಗೋಡಿ ಬಿರುಕು ನೋಡಿದಾತ ನಾಳಿ ಮನಿ ಬಿರುಕೂ ನೋಡ್ತಾನ. ಹೂಂ ಅನ್ನವ್ವ.” ಆ ಹುಡುಗಿಯೇ ಶ್ರೀಮತಿ ಸುಂಕಮ್ಮನವರು. ಅಳಿಯಂದಿರು ಮದುವೆಗೆ ಮುಂಚೆ ಆ ಗೋಡೆಯ ಪಾಯವನ್ನು ಬಿಚ್ಚಿಸಿ ಸರಿಮಾಡಿಸಿದ್ದರಿಂದ ಚಪ್ಪರವನ್ನು ಪಕ್ಕದ ಮನೆಯ ಅಂಗಳದಲ್ಲಿ ಹಾಕಬೇಕಾಯಿತು.

ಕೆಲಸಗಾರರ ವಿಷಯದಲ್ಲಿ ಅವರಿಗಿದ್ದ ಕರುಣೆಯೂ ಇದೇ ಬಗೆಯದು. ತಾಂತ್ರಿಕ ಕಾರಣವಿಲ್ಲದೆ ಅದು ಹೊರಬೀಳುತ್ತಿರಲಿಲ್ಲ. ಯಾವ ಊರಿಗೆ ಹೋದರೂ ಅವರು ಮೊದಲು ಹಾಕಿಸುತ್ತಿದ್ದದ್ದು ಸಿಮೆಂಟಿನ ಶೆಡ್ಡನ್ನಲ್ಲ, ಮಣ್ಣು ಹೊರುವ ಹೆಣ್ಣುಮಕ್ಕಳ ಕೂಸುಗಳಿಗೆ ತೊಟ್ಟಿಲ ಚಪ್ಪರವನ್ನು. ಮೇಲಧಿಕಾರಿಯೊಬ್ಬರು ಇದು ಕಟ್ಟಡ ನಿಯಮಗಳ ಯಾವ ಕೋಡಿನಲ್ಲಿದೆಯೆಂದು ಕೇಳಿದಾಗ, “ಕೂಸು ಅತ್ರ ತಾಯಿ ಗಮನ ಅತ್ತಾಗ ಹೋಗತೈತ್ರಿ ಸರ್, ಗಮನ ಹೋದ್ರ ಕಾಂಕ್ರೀಟಿಗೆ ನೀರು ಹೆಚ್ಚಾಗತೈತಿ” ಎಂದು ಗಂಭೀರವಾಗಿ ಉತ್ತರಿಸಿದರಂತೆ. ಹೀಗೆ ಒಂದೊಂದೂರಿನಲ್ಲಿ ಒಂದೊಂದು ಪಾಯ ಹಾಕಿಸುತ್ತ ಅವರು ಜೂನಿಯರ್ ಇಂಜಿನಿಯರಾಗಿ, ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ಕೊಟ್ಟೂರಿಗೆ ವರ್ಗವಾಗಿ ಬಂದರು. ಅಲ್ಲಿ ಅವರಿಗೆ ಕರಿದಿನ್ನಿ ಗಂಟುಬಿತ್ತು.

ಕರಿದಿನ್ನಿ ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ಹಳ್ಳಿ. ಅಲ್ಲಿಯ ಗುಡ್ಡದ ಬುಡದಲ್ಲಿ ಹಿಂದೆ ಮ್ಯಾಂಗನೀಸ್ ಗಣಿಯಿತ್ತು. ಅದಿರು ಬತ್ತಿದ ಮೇಲೆ ಗಣಿಯವರು ಹಳ್ಳಗಳಿಗೆ ಮಣ್ಣಿನ ದಿಬ್ಬಗಳನ್ನು ತಳ್ಳಿ, ಒಂದು ಹೊಂಡವನ್ನು ಮಾತ್ರ ಹಾಗೇ ಬಿಟ್ಟು ಹೊರಟುಹೋಗಿದ್ದರು. ಸಮತಟ್ಟಾಗಿ ಕಾಣುತ್ತಿದ್ದ ಆ ಜಾಗವನ್ನು ಕೊಂಡಿದ್ದ ಕೊಟ್ಟೂರಿನ ಮೆಣಸಿನಕಾಯಿ ವ್ಯಾಪಾರಿ ಶ್ರೀ ಪಂಚಾಕ್ಷರಪ್ಪನವರು, ತಾಯಿಯ ಹೆಸರು ಉಳಿಯಲೆಂದು ಅದನ್ನು ಹೆಣ್ಣುಮಕ್ಕಳ ಪ್ರೌಢಶಾಲೆಗೆ ದಾನ ಕೊಟ್ಟರು. ಶಾಲೆ ಅದಾಗಲೇ ಮಂಜೂರಾಗಿತ್ತು, ನಡೆಯುತ್ತಲೂ ಇತ್ತು. ನಡೆಯುತ್ತಿದ್ದದ್ದು ಪಂಚಾಕ್ಷರಪ್ಪನವರದೇ ಗೋದಾಮಿನಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ. ಹಡಗಲಿಯಿಂದ ಬಂದಿದ್ದ ಮುಖ್ಯೋಪಾಧ್ಯಾಯಿನಿ ಅನ್ನದಾನಮ್ಮನವರು ಪಾಠ ಆರಂಭಿಸಿದರೆ ಮುಂದಿನ ಸಾಲಿನವರು ಸೀನುತ್ತಿದ್ದರು. ಹಿಂದಿನ ಸಾಲಿನವರು ಸೀನಿ ಮುಗಿಸುವ ಹೊತ್ತಿಗೆ ಅನ್ನದಾನಮ್ಮನವರ ಸರದಿ ಬರುತ್ತಿತ್ತು. ಸ್ವಂತ ಕಟ್ಟಡ ಬೇಗ ಆಗದಿದ್ದರೆ ಶಾಲೆಯನ್ನು ಬೇರೆ ಊರಿಗೆ ಕೊಡುವುದಾಗಿ ಮೇಲಿನಿಂದ ಎಚ್ಚರಿಕೆಯೂ ಬಂದಿತ್ತು. ಹಾಗಾದರೆ ಕರಿದಿನ್ನಿಯ ಹುಡುಗಿಯರು ಏಳನೆಯ ತರಗತಿಗೇ ಪಾಟಿಚೀಲ ಗೂಟಕ್ಕೆ ನೇತುಹಾಕಬೇಕಾಗಿತ್ತು.

ಗಾದಿಲಿಂಗಪ್ಪನವರು ಜಾಗ ನೋಡಿದ ದಿನವೇ ಹಿಮ್ಮಡಿಯಿಂದ ಒಂದು ಒದೆ ಒದ್ದು, ಮೊದಲು ಗುಂಡಿ ತೆಗೆದು ನೋಡೋಣ, ಶಂಕುಸ್ಥಾಪನೆ ಆಮೇಲಾಗಲಿ ಎಂದರು. ಆದರೆ ಗಣ್ಯರ ದಿನಾಂಕ ಗೊತ್ತಾಗಿಬಿಟ್ಟಿತ್ತು. ಪೆಂಡಾಲು ಬಂತು, ಬ್ಯಾಂಡು ಬಂತು, ಪಾಲಿಶ್ ಮಾಡಿದ ಕಲ್ಲು ಬಂತು. ಕಲ್ಲಿನ ನೆತ್ತಿಯಲ್ಲಿ ‘ಶ್ರೀ’, ಅದರ ಕೆಳಗೆ ಗಣ್ಯರ ಹೆಸರು, ಅದರ ಕೆಳಗೆ ದಾನಿಗಳ ಹೆಸರು, ಕಟ್ಟಕಡೆಗೆ ತಾರೀಖು. ಭಾಷಣದಲ್ಲಿ ಗಣ್ಯರು ಈ ಶಾಲೆಯ ಅಡಿಪಾಯ ಬಹಳ ಗಟ್ಟಿಯಾಗಿದೆಯೆಂದು ಹೇಳಿದಾಗ ಗಾದಿಲಿಂಗಪ್ಪನವರು ಚಪ್ಪಾಳೆ ತಟ್ಟದೆ ಉಳಿದದ್ದನ್ನು ಹಲವರು ಗಮನಿಸಿದರು.

ಶ್ರಾವಣದ ಮಳೆ ಹಿಡಿಯಿತು. ಮೊದಲ ಮಳೆಗೆ ಕಲ್ಲಿನ ಮೇಲಿನ ತಾರೀಖು ಕಾಣದಾಯಿತು. ಮತ್ತೆರಡು ಮಳೆಗೆ ದಾನಿಗಳ ಹೆಸರು ನೆಲಕ್ಕಿಳಿಯಿತು. ಸುದ್ದಿ ತಿಳಿದು ಕೊಡೆ ಹಿಡಿದು ಓಡಿಬಂದ ಪಂಚಾಕ್ಷರಪ್ಪನವರಿಗೆ ಕಲ್ಲು ಮುಳುಗುತ್ತಿರುವುದಕ್ಕಿಂತ ಅದು ಮುಳುಗುತ್ತಿರುವ ಕ್ರಮದ ಬಗ್ಗೆ ಹೆಚ್ಚು ವ್ಯಥೆಯಾಯಿತು.

“ಸಾಹೇಬ್ರೆ, ಜಾಗಾ ಕೊಟ್ಟಾಂವ ನಾನು. ಮದ್ಲ ನನ್ನ ಹೆಸರ ಮುಳುಗಬೇಕೇನ್ರಿ?”

“ಮ್ಯಾಲಿನ ಹೆಸರೂ ಹೊಕ್ಕಾವ್ರಿ ಸಾವ್ಕಾರ್ರೆ,” ಎಂದರು ಗಾದಿಲಿಂಗಪ್ಪನವರು, “ಸ್ವಲ್ಪ ತಡೀರಿ.”

ವಾರ ಕಳೆಯುವುದರೊಳಗೆ ‘ಶ್ರೀ’ಕಾರವೊಂದೇ ಮಣ್ಣಿನ ಮೇಲೆ ಉಳಿದು, ಅದಕ್ಕೆ ಯಾರೋ ಕುಂಕುಮ ಹಚ್ಚಿ ಹೋಗಿದ್ದರು. ಮುಂದೆ ಅದೂ ಮರೆಯಾಯಿತು.

ಈಗ ಗುಂಡಿ ತೆಗೆಯಲು ಯಾರೂ ಅಡ್ಡಿ ಮಾಡಲಿಲ್ಲ. ಹಳೆಯ ಹಳ್ಳಗಳು ಎಲ್ಲೆಲ್ಲಿದ್ದವೆಂದು ತಿಳಿಯಲು ಗಾದಿಲಿಂಗಪ್ಪನವರು ಗಣಿಯಲ್ಲಿ ದುಡಿದಿದ್ದ ಹಿರಿಯರನ್ನು ಕರೆಸಿದರು. ಕರಿಸಿದ್ದಪ್ಪ ಪೂರ್ವಕ್ಕೆ ಕೋಲು ನೆಟ್ಟ. ಅಜ್ಜಯ್ಯ ಅದನ್ನು ಕಿತ್ತು ಪಶ್ಚಿಮಕ್ಕೆ ನೆಟ್ಟ. “ಲೇ, ನಾನು ಬಿದ್ದು ಕಾಲು ಮುರಕೊಂಡಿದ್ದ ಇಲ್ಲಿ” ಎಂದು ಒಬ್ಬ. “ನೀ ಬಿದ್ದಿದ್ದು ಹೆಂಡದಂಗಡಿ ಮುಂದ” ಎಂದು ಇನ್ನೊಬ್ಬ. ಸಂಜೆಯ ಹೊತ್ತಿಗೆ ಊರವರೆಲ್ಲ ಸೇರಿ ನೆಟ್ಟ ಕೋಲುಗಳಿಂದ ಹೊಲಕ್ಕೆ ಬೇಲಿ ಹಾಕಬಹುದಾಗಿತ್ತು. ಎಲ್ಲರ ಮಾತೂ ನಿಜವಾಗಿದ್ದರೆ ಹಿಂದಿನ ಗುಡ್ಡವೇ ಉಳಿದಿರುತ್ತಿರಲಿಲ್ಲ. ಗಾದಿಲಿಂಗಪ್ಪನವರು ಎಲ್ಲರಿಗೂ ಚಹಾ ಕುಡಿಸಿ ಕಳುಹಿಸಿ, ಹಗ್ಗ ಹಿಡಿದು ಚೌಕ ಹಾಕಿ, ಮಾರುಮಾರಿಗೆ ಗುಂಡಿ ತೆಗೆಸತೊಡಗಿದರು. ಅಂಚಿನಲ್ಲಿ ಬಂಡೆ ಸಿಕ್ಕಿತು. ನಡುವೆ ಆಳು ಮುಳುಗಿದರೂ ಬರೀ ಸಡಿಲ ಮಣ್ಣು, ಕರಿ ಪುಡಿ, ತೂತುಬಿದ್ದ ಪುಟ್ಟಿ, ಯಾರದೋ ಒಂಟಿ ಚಪ್ಪಲಿ, ಕಡೆಗೊಮ್ಮೆ ಮಲಗಿಕೊಂಡ ಶಂಕುಸ್ಥಾಪನೆಯ ಕಲ್ಲೂ ಸಿಕ್ಕಿತು. ಅದನ್ನು ತೊಳೆಸಿ, ಸಾವ್ಕಾರ್ರ ಗೋದಾಮಿನಲ್ಲಿ ಚೀಲಗಳ ಪಕ್ಕದಲ್ಲಿ ಇಡಿಸಿದರು.

ನೆಲದಲ್ಲಿ ಏನು ಕೆಟ್ಟಿದೆಯೆಂದು ಪಂಚಾಕ್ಷರಪ್ಪನವರಿಗೆ ಅರ್ಥಮಾಡಿಸುವುದು ಕಷ್ಟವಾಗಲಿಲ್ಲ.

“ಚೀಲಕ್ಕ ಕಾಯಿ ತುಂಬಿ ಕುಲುಕದ ಹೊಲದ್ರ ಏನಾಗತೈತ್ರಿ?”

“ಗಾಡಿ ಮ್ಯಾಲೆ ಹೋಗ್ತಿದ್ದಂಗ ಅರ್ಧ ಚೀಲ ಆಗತೈತಿ.”

“ಈ ನೆಲಾನೂ ಯಾರೂ ಕುಲುಕಿಲ್ರಿ. ಮ್ಯಾಲೆ ಸಾಲಿ ಕಟ್ಟಿದ್ವಿ ಅಂದ್ರ ಅದು ಕುಲುಕತೈತಿ. ಒಳಗ ಹುಡುಗ್ಯಾರು ಕುಂತಾಗ.”

ಅಂದು ಮನೆಗೆ ಹೋಗುವ ದಾರಿಯಲ್ಲಿ ಗಾದಿಲಿಂಗಪ್ಪನವರಿಗೆ ತಮ್ಮ ಮಾತೇ ಎದೆಗೆ ಚುಚ್ಚುತ್ತಿತ್ತು. ಬಂಡೆ ಸಿಗುವವರೆಗೆ ಕಲ್ಲಿನ ಕಂಬ ಇಳಿಸಿದರೆ ಮಂಜೂರಾದ ಹಣವೆಲ್ಲ ನೆಲದೊಳಗೇ ಮುಗಿದು, ಮೇಲೆ ಶಾಲೆಯ ಬದಲು ಬಯಲೇ ಉಳಿಯುತ್ತಿತ್ತು. ಬೇರೆ ಜಾಗವೆಂದರೆ ಹೊಸ ಮಂಜೂರಾತಿ. ಅಷ್ಟರಲ್ಲಿ ಶಾಲೆ ಊರು ಬಿಡುತ್ತಿತ್ತು. ಅವರ ಮೇಲಧಿಕಾರಿ, ದಾವಣಗೆರೆ ಕಡೆಯ ಶ್ರೀ ಹಾಲಸ್ವಾಮಿಯವರು, ಸಜ್ಜನರು, ಆದರೆ ರಕ್ತದೊತ್ತಡದವರು. ಹಣ ವಾಪಸು ಕಳುಹಿಸಿ ಕೈತೊಳೆದುಕೊಳ್ಳೋಣ ಎಂದು ಸಲಹೆ ಕೊಟ್ಟರು. ಅದನ್ನು ಕೇಳಿ ಅನ್ನದಾನಮ್ಮನವರು ಕೊಟ್ಟೂರಿನ ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತರು.

“ಸರ್, ನಮ್ಮ ಹುಡುಗ್ಯಾರು ವರ್ಷೊಪ್ಪತ್ತು ಸೀನಿಕೋತ ಓದ್ಯಾರ. ಒಬ್ಬಾಕೀನೂ ಸಾಲಿ ಬಿಟ್ಟಿಲ್ಲ. ನೀವು ಒಂದು ಗುಂಡಿ ನೋಡಿ ಬಿಡ್ತೀರೇನು?”

“ಬಿಡಂಗಿಲ್ರಿ ಅಕ್ಕೋರೆ,” ಎಂದುಬಿಟ್ಟರು ಗಾದಿಲಿಂಗಪ್ಪನವರು. ಹೇಗೆ ಎಂಬುದು ಅವರಿಗೆ ಆ ಕ್ಷಣದಲ್ಲಿ ಗೊತ್ತಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ.

ಉಳಿದಿದ್ದದ್ದು ಒಂದೇ ದಾರಿ. ಕಟ್ಟಡ ನಿಲ್ಲುವಷ್ಟು ಜಾಗದ ಸಡಿಲ ಮಣ್ಣನ್ನೆಲ್ಲ ತೆಗೆದು, ಅದೇ ಮಣ್ಣನ್ನು ಗೇಣಿಗಿಂತ ತೆಳ್ಳಗಿನ ಪದರಗಳಾಗಿ ಮತ್ತೆ ಹಾಸಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ರೋಲರಿನಿಂದ ಗಟ್ಟಿ ಮಾಡುತ್ತ ಮೇಲೆ ಬರುವುದು. ದೀಪಾವಳಿ ಕಳೆದ ಮೇಲೆ ಅಗೆತ ಶುರುವಾಯಿತು. ಸಾಲಿ ಕಟ್ಟಲು ಬಂದವರೋ ಕೆರೆ ತೋಡಲು ಬಂದವರೋ ಎಂದು ಊರು ನಕ್ಕಿತು. ನೀರಿಗೆ ಗಣಿಯವರು ಬಿಟ್ಟುಹೋದ ಹೊಂಡವಿತ್ತು. ಅದಕ್ಕೆ ಪಂಚಾಕ್ಷರಪ್ಪನವರು ತಮ್ಮ ಡೀಸೆಲ್ ಪಂಪು ಕೊಟ್ಟರು. ಎಲ್ಲ ಒದಗಿತು, ರೋಲರೊಂದು ಒದಗಲಿಲ್ಲ. ಇದ್ದ ಒಂದೇ ರೋಲರು ಹರಪನಹಳ್ಳಿಯ ರಸ್ತೆಗೆ ಹೋಗಿತ್ತು. ನಾಳೆ ಹೊರಡುತ್ತದೆಂದು ಸುದ್ದಿ ಬರುತ್ತಿತ್ತು. ಬಾಗಳಿಯ ಹತ್ತಿರ ಕೆಟ್ಟು ನಿಂತಿದೆಯೆಂದು ಒಮ್ಮೆ, ರಿಪೇರಿಯಾಗಿ ಹೊರಟದ್ದು ತಪ್ಪಿ ನೀಲಗುಂದದ ಕಡೆ ಹೋಗಿದೆಯೆಂದು ಇನ್ನೊಮ್ಮೆ ತಿಳಿಯಿತು. ರೋಲರಿಗಿಂತ ಅದರ ಸುದ್ದಿಯೇ ಹೆಚ್ಚು ದೂರ ಓಡಾಡುತ್ತಿತ್ತು.

ಹೀಗಿರುವಾಗ ಗಾದಿಲಿಂಗಪ್ಪನವರು ಹಗರಿಬೊಮ್ಮನಹಳ್ಳಿಗೆ ಹೊರಟಿದ್ದ ಬಸ್ಸಿಗೆ ಕುರಿಹಿಂಡೊಂದು ಅಡ್ಡ ಬಂತು. ಬಸ್ಸು ನಿಂತಿತು. ಹಿಂಡು ರಸ್ತೆಯ ಪಕ್ಕದ ಹಸಿ ಮಣ್ಣಿನ ಮೇಲೆ ಹಾದು ಹೋದದ್ದನ್ನು ಅವರು ಕಿಟಕಿಯಿಂದ ನೋಡಿದರು, ನೋಡಿದವರು ಇಳಿದರು, ಇಳಿದು ಆ ಮಣ್ಣಿಗೆ ಹಿಮ್ಮಡಿಯಿಂದ ಒದ್ದರು. ಹಿಮ್ಮಡಿ ನೊಂದಿತು. ಅವರ ಮುಖ ಅರಳಿತು. ಇಂಜಿನಿಯರಿಂಗ್ ಪುಸ್ತಕದಲ್ಲಿ ಕುರಿಪಾದದ ರೋಲರ್ ಎಂಬ ಯಂತ್ರದ ಬಗ್ಗೆ ಓದಿ, ಅದರ ಚಿತ್ರ ಬಿಡಿಸಿ ಅವರು ಪಾಸಾಗಿದ್ದರು. ಉರುಳೆಯ ಮೈತುಂಬ ಗೊರಸಿನಂಥ ಗುಬುಟುಗಳಿರುವ ಆ ಯಂತ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಯಂತ್ರಕ್ಕೆ ಹೆಸರು ಕೊಟ್ಟ ಮೂಲ ಪ್ರಾಣಿ ಈಗ ಎದುರಿಗೇ ಹಾದುಹೋಗುತ್ತಿತ್ತು. ಬಸ್ಸು ಹೊರಟುಹೋಯಿತು. ಗಾದಿಲಿಂಗಪ್ಪನವರು ಕುರಿಗಳ ಹಿಂದೆ ನಡೆದರು.

ಹಿಂಡಿನ ಒಡೆಯ ಯರ್ರೆಪ್ಪ ಅವರ ಮಾತನ್ನು ಕೊನೆಯವರೆಗೆ ಕೇಳಿ, ಕಂಬಳಿ ಸರಿಪಡಿಸಿಕೊಂಡ.

“ಅಂದ್ರ ನನ್ನ ಕುರಿ ಸರ್ಕಾರಿ ನೌಕ್ರಿಗೆ ಸೇರಿಸ್ಕೊಂತೀರಿ.”

“ಟೆಂಪ್ರವರಿ,” ಎಂದರು ಗಾದಿಲಿಂಗಪ್ಪನವರು.

ಬೇಸಗೆ ಹತ್ತಿರವಾಗುತ್ತಿತ್ತು, ಹೊಂಡದ ದಡ ಕಡಿದಾಗಿದ್ದುದರಿಂದ ಕುರಿಗಳು ನೀರಿಗಿಳಿಯಲಾರವು. ದಡದ ಮೇಲೊಂದು ತೊಟ್ಟಿ ಕಟ್ಟಿಸಿ, ಪಂಪಿನ ನೀರು ತುಂಬಿಸಿದರೆ ಸಾಕು, ತನ್ನ ಹಿಂಡಿನ ಜೊತೆಗೆ ಬೀಗರ ಹಿಂಡನ್ನೂ ತರುವುದಾಗಿ ಯರ್ರೆಪ್ಪ ಮಾತು ಕೊಟ್ಟ. ಹೀಗೆ ಶಾಲೆಗಿಂತ ಮೊದಲು ತೊಟ್ಟಿ ಕಟ್ಟಲ್ಪಟ್ಟಿತು.

ಆ ದಿನಗಳ ಕರಿದಿನ್ನಿಯನ್ನು ಕಂಡವರು ಮರೆಯಲಾರರು. ಹೆಣ್ಣಾಳುಗಳು ಮಣ್ಣು ಹಾಸಿ ನೀರು ಚಿಮುಕಿಸಿ ಸರಿದರೆ, ಕುರಿಗಳು ಹಳ್ಳದೊಳಗೆ ಇಳಿದು ಸುತ್ತು ಹೊಡೆಯುತ್ತಿದ್ದವು. ಮುಂದೆ ಯರ್ರೆಪ್ಪ, ಹಿಂದೆ ಕೊಡೆ ಹಿಡಿದು ‘ಹುರ್‍ರ್, ಹುರ್‍ರ್’ ಎನ್ನುತ್ತ ಗಾದಿಲಿಂಗಪ್ಪನವರು. ಕುರಿಗಳು ತುಳಿಯುವುದರ ಜೊತೆಗೆ ಹಿಕ್ಕೆಯನ್ನೂ ಹಾಕುತ್ತವೆ. ಗೊಬ್ಬರ ಬೆರೆತ ಮಣ್ಣು ಕೊಳೆತು ಕುಸಿಯುತ್ತದೆ. ಆದ್ದರಿಂದ ಪ್ರತಿ ಸುತ್ತು ಮುಗಿದ ಮೇಲೂ ಒಂದೊಂದು ಹಿಕ್ಕೆಯನ್ನೂ ಗುಡಿಸಬೇಕೆಂದು ಅವರು ಕಟ್ಟಪ್ಪಣೆ ಮಾಡಿದರು. ಗುಡಿಸಿದ ರಾಶಿ ಬೆಳೆದಂತೆ ಜಗಳವೂ ಬೆಳೆಯಿತು. ನೆಲ ತಾನು ಕೊಟ್ಟದ್ದು, ಆದ್ದರಿಂದ ಹಿಕ್ಕೆ ತನ್ನದೆಂದು ಪಂಚಾಕ್ಷರಪ್ಪನವರು. ಕುರಿ ತನ್ನವು, ನೆಲ ಹಿಕ್ಕೆ ಹಾಕಿಲ್ಲವೆಂದು ಯರ್ರೆಪ್ಪ. ಕೆಲಸ ಒಂದು ದಿನ ನಿಂತೇ ಹೋಯಿತು. ಕಡೆಗೆ ಅನ್ನದಾನಮ್ಮನವರು ಬಂದು, ಹಡಗಲಿಯಿಂದ ಮಲ್ಲಿಗೆ ಬಳ್ಳಿ ತರಿಸಿ ಶಾಲೆಯ ಸುತ್ತ ಹಚ್ಚುವುದಿದೆ, ಗೊಬ್ಬರ ಶಾಲೆಯದು ಎಂದು ತೀರ್ಪು ಕೊಟ್ಟು, ಇಬ್ಬರ ಕೈಯಿಂದಲೂ ಬುಟ್ಟಿ ಇಸಿದುಕೊಂಡರು.

ಪದರಗಳು ಅರ್ಧ ಮೇಲೆ ಬಂದಿದ್ದಾಗ ಹಾಲಸ್ವಾಮಿಯವರು ಮುನ್ಸೂಚನೆಯಿಲ್ಲದೆ ಜೀಪಿನಲ್ಲಿ ಬಂದರು. ಜೀಪು ಹಳ್ಳದಾಚೆ, ಇನ್ನೂ ಅಗೆಯದ ಬಯಲಿನಲ್ಲಿ ನಿಂತಿತು. ಹಿಂದಿನ ದಿನವಷ್ಟೇ ನೀರಿನ ಕೊಳವೆ ಒಡೆದು ಅತ್ತ ಹರಿದಿತ್ತು. ಇಳಿದು ಬಂದ ಹಾಲಸ್ವಾಮಿಯವರು ಹಳ್ಳದೊಳಗಿನ ದೃಶ್ಯವನ್ನು ಬಹಳ ಹೊತ್ತು ನೋಡಿದರು.

“ಗಾದಿಲಿಂಗಪ್ಪ, ಏನಿದು?”

“ಮಣ್ಣು ಗಟ್ಟಿ ಮಾಡಾಕತ್ತೀವ್ರಿ ಸರ್.”

“ನಾನು ಕೇಳಿದ್ದು ಈ ಕುರಿಗಳ ಬಗ್ಗೆ.”

“ಅವ ಮಾಡಾಕತ್ತಾವ್ರಿ ಸರ್. ನಾನು ಹಿಂದಿಂದ ನೋಡ್ಕೊಂತೀನಿ.”

ಹಾಲಸ್ವಾಮಿಯವರ ಕಿವಿಗಳು ಕೆಂಪಾದವು. ಇದು ಇಲಾಖೆಯೋ ಸಂತೆಯೋ ಎಂದು ಕೇಳಿದರು. ಇಂಥದ್ದನ್ನು ಯಾವ ನಿಯಮದಲ್ಲಿ ತೋರಿಸುವುದೆಂದರು. ನಾಳೆಯೇ ಅಮಾನತು ಮಾಡದಿದ್ದರೆ ತಮ್ಮ ಹೆಸರು ಹಾಲಸ್ವಾಮಿಯಲ್ಲ ಎಂದರು. ಗಾದಿಲಿಂಗಪ್ಪನವರಿಗೆ ಸುಂಕಮ್ಮನವರ ನೆನಪಾಯಿತು, ಶಾಲೆಯ ಹುಡುಗಿಯರ ನೆನಪಾಯಿತು. ಆದರೆ ಕಣ್ಣು ಮಾತ್ರ ಮೇಲಧಿಕಾರಿಯ ಭುಜದಾಚೆ ನೆಟ್ಟಿತ್ತು.

“ಸರ್, ಜೀಪು.”

“ಜೀಪಿನ ಮಾತು ಆಮೇಲೆ.”

“ಆಮೇಲೆ ಇರಂಗಿಲ್ರಿ ಸರ್.”

ಹಾಲಸ್ವಾಮಿಯವರು ತಿರುಗಿ ನೋಡಿದರು. ಜೀಪಿನ ಹಿಂಬದಿಯ ಚಕ್ರಗಳು ಆಗಲೇ ಮಣ್ಣಿನೊಳಗಿದ್ದವು. ಅದರ ಮೂತಿ ನಿಧಾನವಾಗಿ ಆಕಾಶದ ಕಡೆಗೆ ಏರುತ್ತಿತ್ತು. ಒಳಗೆ ತೂಕಡಿಸುತ್ತಿದ್ದ ಡ್ರೈವರು ಎಚ್ಚೆತ್ತು, ಎದುರಿಗೆ ಗುಡ್ಡದ ಬದಲು ಮೋಡ ಕಂಡು, ಬಾಗಿಲು ತೆರೆದು ಜಿಗಿದ. ಮಣ್ಣು ಹೊರುವವರು, ಯರ್ರೆಪ್ಪ, ಪಂಚಾಕ್ಷರಪ್ಪನವರು, ಅಮಾನತಾಗಬೇಕಿದ್ದ ಗಾದಿಲಿಂಗಪ್ಪನವರು, ಅಮಾನತು ಮಾಡಬೇಕಿದ್ದ ಹಾಲಸ್ವಾಮಿಯವರು, ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆದರು. ಮೇಲೆ ಬಂದ ಜೀಪನ್ನು ಎಲ್ಲಿ ನಿಲ್ಲಿಸುವುದೆಂದು ಡ್ರೈವರು ಕೇಳಿದಾಗ ಗಾದಿಲಿಂಗಪ್ಪನವರು ಏನೂ ಹೇಳದೆ ಕುರಿಗಳು ತುಳಿದ ಜಾಗವನ್ನು ತೋರಿಸಿದರು. ಜೀಪು ಇಳಿಜಾರಿನಿಂದ ಇಳಿದು ಅಲ್ಲಿ ನಿಂತಿತು. ನಿಂತೇ ಇತ್ತು. ಹಾಲಸ್ವಾಮಿಯವರು ಅದರ ಸುತ್ತ ನಡೆದು, ಬಗ್ಗಿ ಚಕ್ರದ ಗುರುತು ನೋಡಿ, ಕೆಸರಾದ ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡರು.

“ಇನ್ನೂ ಎಷ್ಟು ಪದರ ಬಾಕಿ ಐತಿ?”

“ಈಗ ಆದಷ್ಟ ಇನ್ನೂ ಐತ್ರಿ ಸರ್.”

“ಕುರಿ ಸಾಕಾಗ್ತಾವ?”

ಆ ಮೇಲೆ ಅವರು ಅಮಾನತಿನ ಸುದ್ದಿ ತೆಗೆಯಲಿಲ್ಲ. ಗಟ್ಟಿಯಾದ ನೆಲದ ಮೇಲೆ, ಎಲ್ಲ ಗೋಡೆಗಳ ಕೆಳಗೂ ಒಂದಕ್ಕೊಂದು ಬೆಸೆದ ಕಬ್ಬಿಣ ಕಾಂಕ್ರೀಟಿನ ಪಟ್ಟಿ ಹಾಕಿ, ಮುಳುಗಿದರೂ ಇಡೀ ಕಟ್ಟಡ ಒಟ್ಟಿಗೇ ಮುಳುಗಬೇಕು, ಒಂದು ಮೂಲೆ ಮಾತ್ರ ಮುಳುಗಬಾರದು ಎಂಬ ತತ್ತ್ವದಂತೆ ಶಾಲೆ ಎದ್ದಿತು. ಮೆಣಸಿನಕಾಯಿಯ ಗೋದಾಮಿನಿಂದ ಹುಡುಗಿಯರು ಬೆಂಚು ಹೊತ್ತು ತಂದ ದಿನ ಅನ್ನದಾನಮ್ಮನವರು ಪೂರ್ತಿ ಒಂದು ಪಾಠವನ್ನು ಸೀನದೆ ಮುಗಿಸಿ, ತಾವೇ ಬೆರಗಾಗಿ ನಿಂತರಂತೆ.

ಎಲ್ಲರೂ ನೆಮ್ಮದಿಯಾಗಿದ್ದರು, ಗಾದಿಲಿಂಗಪ್ಪನವರ ಹೊರತು. ನೆಲದ ನಿಜವಾದ ಪರೀಕ್ಷೆ ಮಳೆ. ಗೋಡೆ ಕೂಡುವ ಮೂಲೆಗಳಲ್ಲಿ ಅವರು ಗಾಜಿನ ಪಟ್ಟಿಗಳನ್ನು ಅಂಟಿಸಿದ್ದರು; ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತಿತ್ತು. ಆ ವರ್ಷದ ಹಿಂಗಾರು ಬಿರುಸಾಗಿ ಹಿಡಿದಾಗ ಅವರಿಗೆ ಊಟ ಸೇರಲಿಲ್ಲ, ಮನೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಸುಂಕಮ್ಮನವರು ಕೊಡೆಯನ್ನೂ ಬುತ್ತಿಯನ್ನೂ ಕೈಗಿತ್ತು, “ಇಲ್ಲಿ ಕುಂತು ನಮ್ಮ ಗೋಡಿ ನೋಡಬ್ಯಾಡ್ರಿ, ಅಲ್ಲೇ ಹೋಗಿ ನೋಡ್ರಿ” ಎಂದು ಕಳುಹಿಸಿದರು.

ರಜೆ ಹಾಕಿ ಹೋದವರು ಶಾಲೆಯ ಜಗಲಿಯಲ್ಲಿ ನಿಂತು ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ನಡೆದರು. ಸುತ್ತಲಿನ ಬಯಲು ಅಲ್ಲಲ್ಲಿ ಬಾಯಿಬಿಟ್ಟು ಕುಸಿಯುತ್ತಿತ್ತು. ಒಳಗೆ ಹುಡುಗಿಯರು ಸಂಧಿಗಳನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದರು. ಗಾಜು ಒಡೆದರೆ ಮೊದಲು ಯಾವ ಬಾಗಿಲಿನಿಂದ ಅವರನ್ನು ಹೊರಗೆ ಕರೆಯಬೇಕೆಂದು ಗಾದಿಲಿಂಗಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಅನ್ನದಾನಮ್ಮನವರು ಬಾಗಿಲಿಗೆ ಬಂದರು.

“ನೀವು ಹಿಂಗ ಅಡ್ಡಾಡಿದ್ರ ಹುಡುಗ್ಯಾರ ಲಕ್ಷ್ಯ ಪಾಠದ ಮ್ಯಾಲೆ ಇರಂಗಿಲ್ಲ. ಒಳಗ ಬಂದು ಕೂಡ್ರಿ.”

ಅವರು ಕೊನೆಯ ಬೆಂಚಿನಲ್ಲಿ, ಮೂಲೆಯ ಗಾಜು ಕಾಣುವಂತೆ ಕೂತರು. ಹೊರಗೆ ಮಳೆ ಹೊಯ್ಯುತ್ತಿತ್ತು. ಗಾಜು ಹಾಗೇ ಇತ್ತು. ಲೋಪಸಂಧಿ ಮುಗಿದು ಆಗಮಸಂಧಿ ಬರುವ ಹೊತ್ತಿಗೆ ಅವರ ತಲೆ ಗೋಡೆಗೆ ಒರಗಿತು. ತಾವೇ ಕಟ್ಟಿಸಿದ, ತಾವೇ ಶಂಕಿಸುತ್ತಿದ್ದ ಗೋಡೆಗೆ. ಆದೇಶಸಂಧಿಯ ಉದಾಹರಣೆಗಳ ನಡುವೆ ಗೊರಕೆ ಕೇಳಿಬಂತು. ಹುಡುಗಿಯರು ಬಾಯಿಗೆ ಕೈಹಿಡಿದು ನಕ್ಕರು. ಅನ್ನದಾನಮ್ಮನವರು ತುಟಿಗೆ ಬೆರಳಿಟ್ಟು, ಪಾಠವನ್ನು ಮೆಲುದನಿಗೆ ಇಳಿಸಿ, ಗಂಟೆ ಬಾರಿಸಲು ಬಂದ ಜವಾನನಿಗೆ ಬೇಡವೆಂದು ಸನ್ನೆ ಮಾಡಿದರು. ಅಂದು ಕರಿದಿನ್ನಿಯ ಶಾಲೆ ಬಿಟ್ಟದ್ದು ಬಹಳ ತಡವಾಗಿ. ಮಳೆ ನಿಂತು, ಇಂಜಿನಿಯರ್ ಸಾ‍ಹೇಬರು ಎಚ್ಚರಾದ ಮೇಲೆ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಕೆಲವು ವರ್ಷಗಳ ಮೇಲೆ ಆಡಿಟ್‌ನವರಿಗೆ ಒಂದು ಸಂಶಯ ಬಂತು: ಹೆಣ್ಣುಮಕ್ಕಳ ಪ್ರೌಢಶಾಲೆಗೆ ಕುರಿ ನೀರು ಕುಡಿಯುವ ತೊಟ್ಟಿ ಏಕೆ? ಕುಡಿಯುವ ನೀರಿನ ವ್ಯವಸ್ಥೆ ಎಂದು ಬರೆದುಬಿಡಿ ಎಂದು ಹಿತೈಷಿಗಳು ಹೇಳಿಕೊಟ್ಟರು. ಕುಡಿದವರು ಯಾರೆಂದು ಮುಚ್ಚಿಡುವುದು ಸರಿಯಲ್ಲವೆಂದು ಗಾದಿಲಿಂಗಪ್ಪನವರು ನಡೆದದ್ದನ್ನೇ ಬರೆದರು. ವಿಚಾರಣೆ ನಡೆಯಿತು. ಪ್ರಾಣಿಗಳನ್ನು ಕೆಲಸಕ್ಕೆ ಹಚ್ಚಲು ಪೂರ್ವಾನುಮತಿ ಇತ್ತೇ ಎಂದು ಕೇಳಲಾಯಿತು. ಹಾಲಸ್ವಾಮಿಯವರು ಅಷ್ಟರಲ್ಲಿ ನಿವೃತ್ತರಾಗಿದ್ದರೂ ದಾವಣಗೆರೆಯಿಂದ ಸ್ವಂತ ಖರ್ಚಿನಲ್ಲಿ ಬಂದು, ಜೀಪಿನ ಪ್ರಸಂಗವನ್ನು ತಮ್ಮ ಮರ್ಯಾದೆಯ ಹಂಗು ತೊರೆದು ಹೇಳಿದರು. ಆದರೂ ಗಾದಿಲಿಂಗಪ್ಪನವರಿಗೆ ಛೀಮಾರಿ ತಪ್ಪಲಿಲ್ಲ. ಅವರಿಗಿಂತ ಕಿರಿಯರು ಮೇಲೇರಿದರು, ಬಡ್ತಿ ಬಹಳ ತಡವಾಯಿತು. ಛೀಮಾರಿಯ ಆದೇಶ ಹಿಡಿದು ಮನೆಗೆ ಬಂದ ಸಂಜೆ ಅವರು ಪಡಸಾಲೆಯಲ್ಲಿ ಕೂತಿದ್ದಾಗ ಸುಂಕಮ್ಮನವರು ಚಹಾದ ಲೋಟ ಮುಂದಿಟ್ಟು ಹೇಳಿದರಂತೆ: “ಬಡ್ತಿ ತಡಾ ಆದ್ರ ಯಾರ ತಲಿ ಮ್ಯಾಲೂ ಬೀಳಂಗಿಲ್ಲ. ಕುಡೀರಿ, ಆರತೈತಿ.”

ಆ ಬಳಿಕ ನಮ್ಮ ಐದೂ ಊರುಗಳ ಸುತ್ತ ಹಳೆಯ ಗಣಿ, ಕಲ್ಲುಕ್ವಾರಿ, ಸುಣ್ಣದ ಗುಂಡಿಗಳ ಮೇಲೆ ಏನಾದರೂ ಕಟ್ಟಬೇಕೆಂದರೆ ದೊಡ್ಡ ದೊಡ್ಡ ಅಧಿಕಾರಿಗಳೂ ‘ಗಾದಿಲಿಂಗಪ್ಪನವರು ಒದ್ದು ನೋಡಿದ್ದಾರೆಯೇ’ ಎಂದು ಕೇಳುವುದು ರೂಢಿಯಾಯಿತು. ಕರಿದಿನ್ನಿಯಲ್ಲಿ ಓದಿದ ಹೆಣ್ಣುಮಕ್ಕಳು ಇಂದು ನರ್ಸುಗಳಾಗಿ, ಶಿಕ್ಷಕಿಯರಾಗಿ, ಒಬ್ಬಾಕೆಯಂತೂ ಇಲಾಖೆಯ ನಕಾಶೆ ವಿಭಾಗದಲ್ಲಿಯೇ ಕೆಲಸ ಮಾಡುತ್ತಿದ್ದಾರೆ. ಶಾಲೆ ನಿಂತಿದೆ.

ಇಂಥ ಹಿರಿಯರಿಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ನಾವು ಅದನ್ನು ಹಾರೈಸಲಾರೆವು. ಹಾರೈಸಿದರೂ ಅವರು ಸ್ವೀಕರಿಸಲಾರರು. ಗಾದಿಲಿಂಗಪ್ಪನವರೂ ಸುಂಕಮ್ಮನವರೂ ನೂರು ಮಳೆಗಾಲ ನೋಡಲಿ, ಅವರ ಮೊಣಕಾಲಿಗೂ ಹಿಮ್ಮಡಿಗೂ ನೋವು ಬಾರದಿರಲಿ, ತೋಡಿಬಿಟ್ಟ ನೆಲ ನಮ್ಮ ಸೀಮೆಯಲ್ಲಿ ಇನ್ನೂ ಬಹಳ ಉಳಿದಿರುವುದರಿಂದ ಅವರ ಕೆಲಸ ಮುಂದುವರಿಯಲಿ. ಅಭಿನಂದನ ಸಮಾರಂಭದ ದಿನವೇ ಹಡಗಲಿಯ ಹೂವಿನ ಬೆಳೆಗಾರರು ಹಳೆಯ ಕ್ವಾರಿಯ ಜಾಗದಲ್ಲಿ ಕಟ್ಟಲಿರುವ ಗೋದಾಮಿಗೆ ಅವರನ್ನು ಕರೆದಿದ್ದಾರೆ. ಹಾರ ತುರಾಯಿಗಳನ್ನು ಚುರುಕಾಗಿ ಮುಗಿಸಬೇಕೆಂದೂ, ಭಾಷಣಗಳು ಉದ್ದವಾದರೆ ತಾವು ಮಧ್ಯಾಹ್ನದ ಬಸ್ಸಿಗೆ ಎದ್ದು ಹೋಗುವುದಾಗಿಯೂ ಅವರು ಸಮಿತಿಗೆ ಸವಿನಯವಾಗಿ ತಿಳಿಸಿದ್ದಾರೆ.